‘ಹರಿವು’ ಮತ್ತು ಸಂಚಾರಿ ವಿಜಯ್: ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನಾವೊಂದಿಷ್ಟು ಗೆಳೆಯರು ಸೇರಿ ಆಗಾಗ ಸಿನಿಮಾ ತೋರಿಸುತ್ತೇವೆ. ‘ಹರಿವು’ ಹಾಕುತ್ತೇವೆ ಅಂದಾಗಲೆಲ್ಲ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೆಲವು ನೋಡುವ ಮೊದಲು ಕೇಳಿದ್ದು, ಕೆಲವು ನೋಡಿ ಹೊರಗೆ ಬಂದು ಟೀ ಕುಡಿಯುತ್ತಾ ಕೇಳಿದ್ದು. ಉತ್ತರ ನನ್ನದು. ಒಪ್ಪಿಗೆ ಆಗದಿದ್ದರೆ ವಾದ ಮಾಡೋಣ, ಆದರೆ ಸಿನಿಮಾ ನೋಡಿದ ಮೇಲೆ.

‘ಹರಿವು’ ಯಾವ ಸಿನಿಮಾ? ಹೆಸರೇ ಕೇಳಿಲ್ಲವಲ್ಲ?

2014ರ ಕನ್ನಡ ಸಿನಿಮಾ. ನಿರ್ದೇಶಕರು ಮಂಸೋರೆ, ಇದು ಅವರ ಮೊದಲ ಸಿನಿಮಾ. ಮುಖ್ಯ ಪಾತ್ರದಲ್ಲಿ ಸಂಚಾರಿ ವಿಜಯ್. ಸಂಗೀತ ಚರಣ್ ರಾಜ್, ಅವರಿಗೂ ಇದು ಮೊದಲನೆಯದು. ಆಮೇಲೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’, ‘ಟಗರು’, ‘ಸಪ್ತ ಸಾಗರದಾಚೆ ಎಲ್ಲೋ’ ಹಾಡುಗಳಿಂದ ಮನೆಮಾತಾದರಲ್ಲ, ಅವರೇ.

62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಎಂಬ ಗೌರವ ಇದಕ್ಕೆ ಸಿಕ್ಕಿತು. ಹೆಸರು ಕೇಳದವರು ನೀವೊಬ್ಬರೇ ಅಲ್ಲ. ನಾವು ತೋರಿಸುವಾಗ ಕೈ ಎತ್ತಿಸಿದರೆ ಬಹಳ ಜನ ಕೇಳಿಲ್ಲ ಅನ್ನುತ್ತಾರೆ. ಅದಕ್ಕೇ ಇಷ್ಟು ಬರೆಯುತ್ತಿರುವುದು.

ಕಥೆ ಏನು? ಮೊದಲೇ ಗೊತ್ತಾದರೆ ಸಿನಿಮಾ ಕೆಡುತ್ತಾ?

ಕೆಡುವುದಿಲ್ಲ, ಧೈರ್ಯವಾಗಿ ಓದಿ.

ಉತ್ತರ ಕರ್ನಾಟಕದ ಒಂದು ಹಳ್ಳಿಯ ಬಡ ರೈತ ಶರಣಪ್ಪ. ಮಗನಿಗೆ ಕಾಯಿಲೆ. ಊರ ಕಡೆ ವಾಸಿಯಾಗದೆ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಬರುತ್ತಾನೆ. ಮಗ ಉಳಿಯುವುದಿಲ್ಲ. ದೇಹವನ್ನು ಊರಿಗೆ ಒಯ್ಯಲು ಗಾಡಿ ಮಾಡುವಷ್ಟು ದುಡ್ಡು ಅವನ ಹತ್ತಿರ ಇಲ್ಲ. ಹಾಗಂತ ಗೊತ್ತಿಲ್ಲದ ಊರಲ್ಲಿ ಮಗನನ್ನು ಬಿಟ್ಟು ಹೋಗಲೂ ಆಗುವುದಿಲ್ಲ. ಕೊನೆಗೆ ಒಂದು ತಗಡಿನ ಟ್ರಂಕಿನಲ್ಲಿ ಮಗನನ್ನು ಮಲಗಿಸಿಕೊಂಡು ಬಸ್ಸು ಹತ್ತುತ್ತಾನೆ.

ಇಷ್ಟು ತಿಳಿದುಕೊಂಡು ಕೂತರೂ ಸಿನಿಮಾದ ಹಿಡಿತ ಕಮ್ಮಿ ಆಗುವುದಿಲ್ಲ. ಮುಂದೇನಾಗುತ್ತದೆ ಎಂಬ ಕುತೂಹಲದ ಮೇಲೆ ಇದು ನಿಂತಿಲ್ಲ. ಒಬ್ಬ ಮನುಷ್ಯ ಇದನ್ನು ಹೇಗೆ ಹೊತ್ತುಕೊಂಡು ಹೋಗುತ್ತಾನೆ ಅನ್ನುವುದರ ಮೇಲೆ ನಿಂತಿದೆ.

ಇದು ನಿಜವಾಗಿ ನಡೆದದ್ದಾ?

ಹೌದು. ಮಕ್ಕಳ ತಜ್ಞೆ ಡಾ. ಆಶಾ ಬೆನಕಪ್ಪ ಅವರು ಪತ್ರಿಕೆಗೆ ಬರೆದ ಬರಹದಿಂದ ಹುಟ್ಟಿದ ಸಿನಿಮಾ ಇದು. ಅದರ ಸುತ್ತ ಪಾತ್ರಗಳನ್ನೂ ಇನ್ನೊಂದು ಕಥೆಯನ್ನೂ ಸಿನಿಮಾದವರು ಕಟ್ಟಿಕೊಂಡಿದ್ದಾರೆ.

“ಇಷ್ಟೆಲ್ಲ ನಡೆಯುತ್ತಾ, ಸ್ವಲ್ಪ ಜಾಸ್ತಿ ಆಯ್ತು” ಅಂತ ಅನ್ನುವವರು ಪ್ರತಿ ಸಲ ಇರುತ್ತಾರೆ. ಅವರಿಗೆ ಮುಂದಿನ ಉತ್ತರ.

ಎಲ್ಲೋ ಉತ್ತರ ಕರ್ನಾಟಕದ ಕಥೆ. ತುಮಕೂರಿನವರು ನಾವು ಯಾಕೆ ನೋಡಬೇಕು?

ಬೆಂಗಳೂರಿನಿಂದ ಉತ್ತರ ಕರ್ನಾಟಕಕ್ಕೆ ಹೋಗುವ ಬಸ್ಸುಗಳಲ್ಲಿ ಬಹುಪಾಲು ನಮ್ಮ ಊರಿನ ಮೇಲೇ ಹೋಗುತ್ತವೆ. ತುಮಕೂರು, ಶಿರಾ, ಹಿರಿಯೂರು, ಆಮೇಲೆ ದಾರಿ ಕವಲೊಡೆಯುತ್ತದೆ. ರಾತ್ರಿ ಊಟ ಮುಗಿಸಿ ರಸ್ತೆ ಬದಿ ನಿಂತರೆ ರಾಯಚೂರು, ಕೊಪ್ಪಳ, ವಿಜಯಪುರ, ಕಲಬುರಗಿ ಅಂತ ಬೋರ್ಡ್ ಹಾಕಿಕೊಂಡ ಬಸ್ಸುಗಳು ಒಂದರ ಹಿಂದೆ ಒಂದು ಹೋಗುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಒಳಗೆ ಯಾರು ಕೂತಿದ್ದಾರೆ, ಕಾಲ ಬುಡದಲ್ಲಿ ಏನಿಟ್ಟುಕೊಂಡಿದ್ದಾರೆ ಅಂತ ಯೋಚನೆ ಮಾಡಿದವರು ಎಷ್ಟು ಜನ? ಈ ಸಿನಿಮಾ ನೋಡಿದ ಮೇಲೆ ನಾನು ಯೋಚಿಸುತ್ತೇನೆ.

ಇನ್ನೊಂದು. ಬೆಂಗಳೂರು ನಮಗೆ ಎಪ್ಪತ್ತು ಕಿಲೋಮೀಟರ್ ಇರಬಹುದು, ಆದರೆ ಪಾವಗಡದವರಿಗೆ ತುಮಕೂರೇ ನೂರು ಕಿಲೋಮೀಟರ್ ಆಚೆ. ದೊಡ್ಡ ಕಾಯಿಲೆ ಅಂದರೆ ಇಲ್ಲಿಂದಲೂ “ಬೆಂಗಳೂರಿಗೆ ಕರ್ಕೊಂಡು ಹೋಗಿ” ಅಂತ ಚೀಟಿ ಬರೆದು ಕಳಿಸುವುದೇ. ವಾಣಿವಿಲಾಸ, ವಿಕ್ಟೋರಿಯಾ, ನಿಮ್ಹಾನ್ಸ್, ಕಿದ್ವಾಯಿ, ಜಯದೇವ, ಈ ಹೆಸರುಗಳು ನಮ್ಮ ಹಳ್ಳಿಗಳಲ್ಲಿ ಊರ ದೇವರ ಹೆಸರಿನಷ್ಟೇ ಎಲ್ಲರ ಬಾಯಲ್ಲೂ ಇವೆ. ಆಸ್ಪತ್ರೆಯ ಹೊರಗೆ ಟವೆಲ್ ಹಾಸಿಕೊಂಡು ರಾತ್ರಿ ಕಳೆದವರು ನಮ್ಮ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲೂ ಇದ್ದಾರೆ.

“ಜಾಸ್ತಿ ಆಯ್ತು” ಅನ್ನುವವರು ನೆನಪಿಸಿಕೊಳ್ಳಿ. 2017ರ ಫೆಬ್ರುವರಿ. ನಮ್ಮದೇ ಮಧುಗಿರಿ ತಾಲೂಕಿನ ಕೊಡಿಗೇನಹಳ್ಳಿಯಲ್ಲಿ ಮನೆಯವರು ಗಾಡಿ ಸಿಗದೆ ಒಬ್ಬ ಯುವತಿಯ ದೇಹವನ್ನು ಮೊಪೆಡ್ ಮೇಲೆ ಊರಿಗೆ ಒಯ್ದರು. 2024ರ ಸೆಪ್ಟೆಂಬರ್. ಪಾವಗಡ ತಾಲೂಕಿನಲ್ಲಿ ತೀರಿಕೊಂಡ ತಂದೆಯ ದೇಹವನ್ನು ಮಕ್ಕಳು ಬೈಕಿನ ಮೇಲೆ ಒಯ್ದರು. ಎರಡೂ ಸುದ್ದಿಯಾದವು, ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಅದಕ್ಕೂ ಮೊದಲು 2016ರಲ್ಲಿ ಒಡಿಶಾದ ಕಾಳಹಂಡಿಯಲ್ಲಿ ಒಬ್ಬ ಗಂಡ ಹೆಂಡತಿಯ ದೇಹವನ್ನು ಹೆಗಲ ಮೇಲೆ ಹೊತ್ತು ಮೈಲಿಗಟ್ಟಲೆ ನಡೆದದ್ದು ದೇಶಕ್ಕೆಲ್ಲ ಗೊತ್ತಾಯಿತು. ‘ಹರಿವು’ ಇವೆಲ್ಲಕ್ಕಿಂತ ಮುಂಚೆ ಬಂದ ಸಿನಿಮಾ.

108ಕ್ಕೆ ಫೋನ್ ಮಾಡಬಹುದಿತ್ತಲ್ಲ?

ಆಗುವುದಿಲ್ಲ. 108 ನಮ್ಮ ರಾಜ್ಯದಲ್ಲಿ 2008ರಿಂದ ಇದೆ, ಅದು ಜೀವ ಇರುವವರನ್ನು ಆಸ್ಪತ್ರೆಗೆ ಮುಟ್ಟಿಸಲು. ಶವ ಸಾಗಿಸಲು ಬೇರೆ ಗಾಡಿ ಬೇಕು. ಖಾಸಗಿಯವರು ಕಿಲೋಮೀಟರ್ ಲೆಕ್ಕದಲ್ಲಿ ಕೇಳುತ್ತಾರೆ, ವಾಪಸ್ ಬರುವ ದಾರಿಯನ್ನೂ ಸೇರಿಸಿ. ನಾನೂರು, ಐನೂರು ಕಿಲೋಮೀಟರ್ ದೂರದ ಊರಾದರೆ ನೀವೇ ಲೆಕ್ಕ ಹಾಕಿ.

ಸಂಚಾರಿ ವಿಜಯ್ ಅಭಿನಯದಲ್ಲಿ ಅಂಥದ್ದೇನಿದೆ? ಅಳುವ ಪಾತ್ರ ಯಾರು ಮಾಡಿದರೂ ಮನಸ್ಸು ಕರಗುತ್ತೆ ಅಲ್ವಾ?

ಈ ಪುಟ ಬರೆಯಲು ಕಾರಣವೇ ಈ ಪ್ರಶ್ನೆ. ಸ್ವಲ್ಪ ಉದ್ದ ಹೇಳುತ್ತೇನೆ.

ಮಗ ಸತ್ತ ತಂದೆಯ ಪಾತ್ರ ಅಂದರೆ ನಮ್ಮ ಸಿನಿಮಾದಲ್ಲಿ ಒಂದು ರೂಢಿ ಇದೆ. ಎದೆ ಬಡಿದುಕೊಂಡು ಅಳಬೇಕು, ಆಕಾಶ ನೋಡಿ ದೇವರನ್ನು ಬೈಯಬೇಕು, ಹಿಂದೆ ಪಿಟೀಲು ಬಾರಿಸಬೇಕು. ಶರಣಪ್ಪನಿಗೆ ಆ ಅವಕಾಶವೇ ಇಲ್ಲ. ಕಥೆಯೇ ಅವನಿಂದ ಅದನ್ನು ಕಿತ್ತುಕೊಂಡಿದೆ. ಬಸ್ಸಿನಲ್ಲಿ ಕೂತು ಅವನು ಗೋಳಾಡಿದರೆ ಪಕ್ಕದವರು ಏನಾಯ್ತಪ್ಪಾ ಅಂತ ಕೇಳುತ್ತಾರೆ. ಕೇಳಿದರೆ ಹೇಳಬೇಕು. ಹೇಳಿದರೆ ಇಳಿಸುತ್ತಾರೆ. ಇಳಿಸಿದರೆ ಮಗ ಊರು ಸೇರುವುದಿಲ್ಲ. ಅಂದರೆ ಮಗನಿಗಾಗಿ ಅಳುವುದಕ್ಕಿಂತ ಅಳದೆ ಇರುವುದೇ ಅವನು ಮಗನಿಗೆ ಮಾಡಬಹುದಾದ ಕೊನೆಯ ಕೆಲಸ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ನಮಗೆ ಹೇಳಬೇಕಾಗಿಲ್ಲ. ವಿಜಯ್ ಮುಖ ನೋಡಿದರೆ ಗೊತ್ತಾಗುತ್ತದೆ.

ಒಂದೇ ಪಾತ್ರದಲ್ಲಿ ಅವರು ಮೂರು ಮನುಷ್ಯರಾಗಿರಬೇಕು. ಮಗನ ಎದುರು ಧೈರ್ಯ ಹೇಳುವ ಅಪ್ಪ. ಆಸ್ಪತ್ರೆಯ ದೊಡ್ಡವರ ಎದುರು ಮೈ ಕುಗ್ಗಿಸಿಕೊಂಡ ಬಡವ. ಬಸ್ಸಿನಲ್ಲಿ ಸಾಮಾನು ಇಟ್ಟುಕೊಂಡು ಕೂತ ಒಬ್ಬ ಸಾಮಾನ್ಯ ಪ್ರಯಾಣಿಕ. ಆ ಮೂರನೆಯದೇ ಕಷ್ಟ. ಶರಣಪ್ಪನೂ ಅಲ್ಲಿ ನಟನೆ ಮಾಡುತ್ತಿದ್ದಾನೆ, ಏನೂ ಆಗದವನ ಹಾಗೆ. ಆ ನಟನೆ ಅವನಿಗೆ ಬರುವುದಿಲ್ಲ, ಯಾಕೆಂದರೆ ಅವನು ಸುಳ್ಳು ಹೇಳಿ ಅಭ್ಯಾಸ ಇಲ್ಲದ ಮನುಷ್ಯ. ಹೀಗೆ ನಟಿಸಲು ಬಾರದವನು ನಟಿಸುವುದನ್ನು ವಿಜಯ್ ನಟಿಸಿ ತೋರಿಸಬೇಕು. ಸ್ವಲ್ಪ ಜಾಸ್ತಿಯಾದರೆ ಕಳ್ಳನ ಹಾಗೆ ಕಾಣುತ್ತಾನೆ, ಸ್ವಲ್ಪ ಕಮ್ಮಿಯಾದರೆ ಕಲ್ಲಿನ ಹಾಗೆ. ನಡುವಿನ ಆ ಜಾಗದಲ್ಲಿ ಅವರು ಸಿನಿಮಾ ಪೂರ್ತಿ ನಿಂತಿದ್ದಾರೆ.

ಬಡವನ ಪಾತ್ರ ಮಾಡುವಾಗ ನಟರು ಮಾಡುವ ಇನ್ನೊಂದು ತಪ್ಪು ಇದೆ. ಪಾತ್ರದ ಬಗ್ಗೆ ತಾವೇ ಕನಿಕರ ಪಡುತ್ತಾರೆ. ದನಿ ಅತಿ ಮೆತ್ತಗಾಗುತ್ತದೆ, ಕಣ್ಣು ಸದಾ ಒದ್ದೆ ಇರುತ್ತದೆ, ನೋಡುವವನು “ಪಾಪ” ಅನ್ನಲಿ ಅಂತ ಕಾಯುತ್ತಾರೆ. ವಿಜಯ್ ನಮ್ಮ ಕನಿಕರಕ್ಕೆ ಕೈ ಚಾಚುವುದಿಲ್ಲ. ಶರಣಪ್ಪನಿಗೆ ಒಂದು ಕೆಲಸ ಇದೆ, ಅದನ್ನು ಮುಗಿಸಬೇಕು, ಅಷ್ಟೇ. ಹಳ್ಳಿಯಲ್ಲಿ ಸಾವಾದ ಮನೆಯನ್ನು ನೋಡಿದವರಿಗೆ ಇದು ಗೊತ್ತು: ಜಾಸ್ತಿ ನೋವಾದವರೇ ಸೌದೆ ಎಲ್ಲಿದೆ, ಯಾರಿಗೆ ಹೇಳಿ ಕಳಿಸಬೇಕು ಅಂತ ಓಡಾಡುತ್ತಿರುತ್ತಾರೆ. ಕೂತರೆ ಎದ್ದೇಳಲು ಆಗುವುದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ.

ವಿಜಯ್ ಹುಟ್ಟಿದ್ದು 1983ರಲ್ಲಿ. ಈ ಪಾತ್ರ ಮಾಡುವಾಗ ಅವರಿಗೆ ಮೂವತ್ತರ ಆಸುಪಾಸು. ಇಂಜಿನಿಯರಿಂಗ್ ಓದಿ, ಕಾಲೇಜಿನಲ್ಲಿ ಪಾಠ ಮಾಡಿ, ನಾಟಕಕ್ಕೆ ಬಂದವರು. ಶರಣಪ್ಪನ ಬದುಕಿಗೂ ಅವರ ಓದಿಗೂ ಬಹಳ ದೂರ. ಆದರೂ ಆ ನಡಿಗೆ, ಆ ಕೂರುವ ರೀತಿ, ದೊಡ್ಡವರ ಎದುರು ಮಾತು ಹುಡುಕುವ ಆ ತಡವರಿಕೆ ನೋಡಿದರೆ ದೂರ ಕಾಣುವುದಿಲ್ಲ.

ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಈ ಸಿನಿಮಾಕ್ಕೇನಾ?

ಅಲ್ಲ. ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅತ್ಯುತ್ತಮ ನಟ ಪ್ರಶಸ್ತಿ ಬಂದದ್ದು ಬಿ.ಎಸ್. ಲಿಂಗದೇವರು ನಿರ್ದೇಶನದ ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಸಿನಿಮಾ ಅದು. ಮಾದೇಶ ಎಂಬ ಹುಡುಗ ವಿದ್ಯಾ ಆಗುವ ಕಥೆ. ಎರಡು ಸಿನಿಮಾಗಳಿಗೂ ಪ್ರಶಸ್ತಿ ಬಂದದ್ದು ಒಂದೇ ವರ್ಷ, 62ನೇ ಪ್ರಶಸ್ತಿಯಲ್ಲಿ, 2015ರ ಮಾರ್ಚ್‌ನಲ್ಲಿ ಘೋಷಣೆ ಆಯಿತು.

ಅದು ಸಣ್ಣ ಗೌರವ ಅಲ್ಲ. ಕನ್ನಡ ಸಿನಿಮಾದ ಅಭಿನಯಕ್ಕೆ ಅದಕ್ಕೂ ಮೊದಲು ಈ ಪ್ರಶಸ್ತಿ ಸಿಕ್ಕಿದ್ದು ಇಬ್ಬರಿಗೆ ಮಾತ್ರ. ‘ಚೋಮನ ದುಡಿ’ಗಾಗಿ ಎಂ.ವಿ. ವಾಸುದೇವರಾವ್, ‘ತಬರನ ಕಥೆ’ಗಾಗಿ ಚಾರುಹಾಸನ್. ತಬರನಾದ ಮೇಲೆ ಸುಮಾರು ಮೂರು ದಶಕ ಕಾದು ಮತ್ತೆ ಬಂತು.

ಹಾಗಾದರೆ ಅದನ್ನೇ ನೋಡಿದರೆ ಸಾಕಲ್ಲ? ‘ಹರಿವು’ ಯಾಕೆ?

ಎರಡನ್ನೂ ನೋಡಿ. ಮೊದಲು ‘ಹರಿವು’ ನೋಡಿ ಅಂತ ನಾನು ಹೇಳುತ್ತೇನೆ.

‘ನಾನು ಅವನಲ್ಲ... ಅವಳು’ ಚಿತ್ರದಲ್ಲಿ ಅಭಿನಯ ಎದ್ದು ಕಾಣುತ್ತದೆ, ಕಾಣಲೇಬೇಕು. ದೇಹ ಬದಲಾಗುತ್ತದೆ, ದನಿ ಬದಲಾಗುತ್ತದೆ, ಉಡುಪು ಬದಲಾಗುತ್ತದೆ. ಆ ಚಿತ್ರದ ಪ್ರಸಾಧನಕ್ಕೂ ಅದೇ ವರ್ಷ ರಾಷ್ಟ್ರಪ್ರಶಸ್ತಿ ಬಂತು, ಅಷ್ಟು ಚೆನ್ನಾದ ಕೆಲಸ. ‘ಹರಿವು’ ಚಿತ್ರದಲ್ಲಿ ಅಂಥ ಯಾವ ಆಸರೆಯೂ ಇಲ್ಲ. ಒಬ್ಬ ರೈತ, ಅವನ ಮಾಮೂಲಿ ಬಟ್ಟೆ, ಒಂದು ಟ್ರಂಕು. ಮಾಡಿದ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೇ ಅದರ ಬಗ್ಗೆ ಮಾತೂ ಕಮ್ಮಿ. ಒಬ್ಬನೇ ನಟ ಒಂದೇ ಹೊತ್ತಿನಲ್ಲಿ ಹೀಗೆ ಎರಡು ಕಡೆ ನಿಂತದ್ದನ್ನು ನೋಡಿದರೆ ಅವರ ಅಳತೆ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ, ಕಷ್ಟದ ಕೆಲಸ ‘ಹರಿವು’ ಚಿತ್ರದ್ದು.

ನಾಟಕದಿಂದ ಬಂದವರು ಸಿನಿಮಾದಲ್ಲಿ ಜಾಸ್ತಿ ಅಭಿನಯ ಮಾಡುತ್ತಾರೆ ಅಂತಾರಲ್ಲ?

ಗುಬ್ಬಿ ಕಂಪನಿಯ ಜಿಲ್ಲೆಯಲ್ಲಿ ಕೂತು ಈ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ನಾಟಕ ಕಂಪನಿ ಅದು. ಗುಬ್ಬಿ ವೀರಣ್ಣನವರು ಅದನ್ನು ಎಲ್ಲಿಗೆ ಮುಟ್ಟಿಸಿದರು ಅಂತ ಬೇರೆ ಹೇಳಬೇಕಿಲ್ಲ. ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ, 1954ರ ‘ಬೇಡರ ಕಣ್ಣಪ್ಪ’, ಅದರ ಹಿಂದೆಯೂ ಗುಬ್ಬಿಯವರೇ. ತಿಪಟೂರಿನ ನರಸಿಂಹರಾಜು ನಾಟಕದಿಂದ ಬಂದವರು. ತಿಪಟೂರು ತಾಲೂಕಿನ ನೊಣವಿನಕೆರೆಯ ಉಮಾಶ್ರೀ ನಾಟಕದಿಂದ ಬಂದವರು. ಅವರು ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಅಭಿನಯ ನೋಡಿ, ಎಲ್ಲಾದರೂ ಒಂದು ಚೂರು ಜಾಸ್ತಿ ಇದೆಯಾ?

ಕೊನೆ ಸಾಲಿನವರಿಗೂ ಕೇಳಿಸಬೇಕು ಅಂತ ಕಲಿತವರಿಗೆ ದನಿ ಎಷ್ಟು ಇಳಿಸಬಹುದು ಅನ್ನುವುದೂ ಗೊತ್ತಿರುತ್ತದೆ. ಎರಡೂ ಒಂದೇ ಕಲಿಕೆ. ವಿಜಯ್ ಬೆಂಗಳೂರಿನ ಸಂಚಾರಿ ಥಿಯೇಟರ್ ತಂಡದಲ್ಲಿ ಬೆಳೆದವರು, ಹೆಸರಿನ ಮುಂದೆ ಇರುವ ‘ಸಂಚಾರಿ’ ಅಲ್ಲಿಂದಲೇ ಬಂದದ್ದು. ಹುಟ್ಟೂರು ಕಡೂರು ತಾಲೂಕಿನ ಪಂಚನಹಳ್ಳಿ, ಜಿಲ್ಲೆ ಚಿಕ್ಕಮಗಳೂರಾದರೂ ನಮ್ಮ ಹುಳಿಯಾರು, ತಿಪಟೂರು ಕಡೆಯವರಿಗೆ ದೂರದ ಊರೇನಲ್ಲ. ತೆಂಗಿನ ಸೀಮೆಯ ಹುಡುಗ.

ಉತ್ತರ ಕರ್ನಾಟಕದ ಮಾತು ನಮಗೆ ಅರ್ಥ ಆಗುತ್ತಾ?

ಆಗುತ್ತದೆ. ಮೊದಲ ಹತ್ತು ನಿಮಿಷ ಕಿವಿ ಕೊಟ್ಟು ಕೇಳಿ, ಆಮೇಲೆ ತಾನೇ ಹೊಂದಿಕೊಳ್ಳುತ್ತದೆ. ವಿಜಯ್ ಆ ಕಡೆಯವರಲ್ಲ ಅನ್ನುವುದನ್ನು ಮರೆಯಬೇಡಿ. ಉತ್ತರ ಕರ್ನಾಟಕದ ಮಾತನ್ನು ನಗಿಸಲು ಮಾತ್ರ ಬಳಸುವ ಕೆಟ್ಟ ಚಾಳಿ ನಮ್ಮ ಸಿನಿಮಾಗಳಿಗಿದೆ. ಇಲ್ಲಿ ಅದು ಒಬ್ಬ ಅಪ್ಪನ ಮಾತು, ನಗು ಬರುವುದಿಲ್ಲ.

ಪತ್ರಕರ್ತನ ಕಥೆ ನಡುವೆ ಯಾಕೆ ಬರುತ್ತೆ? ನನಗೆ ಅದು ಅಡ್ಡ ಅನ್ನಿಸಿತು.

ಈ ದೂರು ಪ್ರತಿ ಸಲ ಬರುತ್ತದೆ. ಶರಣಪ್ಪನ ಕಥೆಯ ಜೊತೆಗೆ ನಗರದ ಒಬ್ಬ ಪತ್ರಕರ್ತನ ಬದುಕೂ ಸಿನಿಮಾದಲ್ಲಿದೆ, ಆ ಪಾತ್ರ ಮಾಡಿದವರು ಅರವಿಂದ್ ಕುಪ್ಲೀಕರ್. ಹಳ್ಳಿಯ ಅಪ್ಪನನ್ನೂ ನಗರದ ಸಂಬಂಧಗಳನ್ನೂ ಎದುರೆದುರು ಇಟ್ಟು ನೋಡಬೇಕು ಎನ್ನುವುದು ನಿರ್ದೇಶಕರ ಆಸೆ. ಆಸೆ ಸರಿಯಾಗಿದೆ. ಆದರೆ ಎರಡೂ ಒಂದೇ ತೂಕದಲ್ಲಿ ಬಂದಿಲ್ಲ ಅಂತ ನನಗೂ ಅನ್ನಿಸುತ್ತದೆ. ಶರಣಪ್ಪನ ಭಾಗ ತನ್ನಷ್ಟಕ್ಕೇ ಪೂರ್ತಿ ಇದೆ. ಅವನ ಪಕ್ಕಕ್ಕೆ ಯಾರನ್ನು ತಂದು ನಿಲ್ಲಿಸಿದರೂ ಹಗುರವಾಗಿಯೇ ಕಾಣುತ್ತಾರೆ. ಇದರಲ್ಲಿ ನಟರ ತಪ್ಪೇನೂ ಇಲ್ಲ.

ಇದೇ ಅರವಿಂದ್ ಕುಪ್ಲೀಕರ್ ಆಮೇಲೆ ‘ಪುಕ್ಸಟ್ಟೆ ಲೈಫು’ ನಿರ್ದೇಶಿಸಿದರು, ಅದರಲ್ಲಿ ವಿಜಯ್ ನಾಯಕ. ಆ ಸಿನಿಮಾದಲ್ಲಿ ವಿಜಯ್ ನಗಿಸುತ್ತಾರೆ. ‘ಹರಿವು’ ನೋಡಿದ ಮೇಲೆ ಅದನ್ನೂ ಹುಡುಕಿ ನೋಡಿ.

ನಿಧಾನ ಅಂತಾರೆ. ಬೋರ್ ಆಗುತ್ತಾ?

ನಿಧಾನ ಇದೆ, ನಿಜ. ಮೊಬೈಲ್ ಕೈಯಲ್ಲಿ ಇಟ್ಟುಕೊಂಡು ನೋಡಿದರೆ ಬೋರೂ ಆಗುತ್ತದೆ. ಮನೆಯವರ ಜೊತೆ ಆಸ್ಪತ್ರೆಯಲ್ಲಿ ಕಾದು ಕೂತವರಿಗೆ ಆ ನಿಧಾನ ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ. ರಿಪೋರ್ಟ್ ಬರುವವರೆಗೆ, ಡಾಕ್ಟರು ಬರುವವರೆಗೆ, ಬೆಳಗಾಗುವವರೆಗೆ ಬಡವರಿಗೆ ಕಾಯುವುದೇ ಕೆಲಸ. ಅದನ್ನು ಬೇಗ ಬೇಗ ತೋರಿಸಿದರೆ ಸುಳ್ಳಾಗುತ್ತಿತ್ತು.

ರಾಷ್ಟ್ರಪ್ರಶಸ್ತಿ ಬಂದ ಮೇಲೂ ಯಾಕೆ ಯಾರೂ ನೋಡಲಿಲ್ಲ?

ಒಂದೇ ಕಾರಣ ಅಂತ ಇಲ್ಲ.

ಸ್ಟಾರ್ ಇಲ್ಲ. ಕುಣಿತದ ಹಾಡಿಲ್ಲ. ಹೊಸ ನಿರ್ದೇಶಕ, ಸಣ್ಣ ಬಂಡವಾಳ. ಇಂಥ ಸಿನಿಮಾಕ್ಕೆ ಬೆಂಗಳೂರಿನಲ್ಲೇ ಚಿತ್ರಮಂದಿರ ಸಿಗುವುದು ಕಷ್ಟ, ಜಿಲ್ಲೆಗಳ ಮಾತು ಬಿಡಿ. ಜನ ಬಾಯಿಂದ ಬಾಯಿಗೆ ಹೇಳಿ ಥಿಯೇಟರ್ ತುಂಬಬೇಕು ಅಂದರೆ ಸ್ವಲ್ಪ ಸಮಯ ಬೇಕು. ಮೊದಲ ವಾರ ಸೀಟು ತುಂಬಲಿಲ್ಲ ಅಂದರೆ ಎರಡನೇ ಶುಕ್ರವಾರ ಬೇರೆ ಪೋಸ್ಟರ್ ಬಂದಿರುತ್ತದೆ. ನಮ್ಮಂಥ ಊರುಗಳಲ್ಲಿ ಪ್ರಶಸ್ತಿ ಸಿನಿಮಾ ಬರುವುದೇ ಇಲ್ಲ, ಬಂದರೂ ಬೆಳಿಗ್ಗೆ ಹನ್ನೊಂದರ ಆಟ, ಕೆಲಸಕ್ಕೆ ಹೋಗುವವರು ಹೇಗೆ ನೋಡಬೇಕು?

ಇನ್ನೊಂದು ಕಾರಣ ನನಗೆ ಬಹಳ ಕಾಡುತ್ತದೆ. ಪ್ರಶಸ್ತಿ ಘೋಷಣೆ ಆಗುವ ಹೊತ್ತಿಗೆ ‘ಹರಿವು’ ಬಿಡುಗಡೆಯಾಗಿ ಹೋಗಿತ್ತು. ‘ನಾನು ಅವನಲ್ಲ... ಅವಳು’ ಇನ್ನೂ ಬಿಡುಗಡೆ ಆಗಬೇಕಿತ್ತು, ಅದು ತೆರೆಗೆ ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಸುದ್ದಿ, ಸಂದರ್ಶನ, ಕುತೂಹಲ ಎಲ್ಲ ಅತ್ತ ಹರಿಯಿತು. ‘ಹರಿವು’ ಸೋತದ್ದು ಬೇರೆ ಯಾರಿಂದಲೂ ಅಲ್ಲ, ಅದೇ ನಟನ ಇನ್ನೊಂದು ಪಾತ್ರದ ಬೆಳಕಿನಿಂದ. ಪತ್ರಿಕೆಯ ತಲೆಬರಹದಲ್ಲಿ ವಿಜಯ್ ಹೆಸರಿನ ಕೆಳಗೆ ಒಂದೇ ಸಿನಿಮಾಕ್ಕೆ ಜಾಗ ಇತ್ತು.

‘ತಬರನ ಕಥೆ’ಗೆ ಹೋಲಿಸಬಹುದಾ?

ಹೋಲಿಸಿ, ನನಗೆ ಖುಷಿ. ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿ ಸಿನಿಮಾ. ಹೆಂಡತಿಯ ಕಾಲು ಕೊಳೆಯುತ್ತಿದೆ, ತಬರ ತನಗೆ ಬರಬೇಕಾದ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ತಬರನಿಗೆ ಎದುರಾಳಿ ಯಾರು ಅಂತ ಕಾಣುತ್ತದೆ: ಆ ಕಡತ, ಆ ಗುಮಾಸ್ತ, ಆ ಸಹಿ. ಶರಣಪ್ಪನಿಗೆ ಬೈಯಲು ಒಬ್ಬ ಮನುಷ್ಯನೂ ಇಲ್ಲ. ಅವನ ಮುಂದೆ ಇರುವುದು ದೂರ ಮತ್ತು ದುಡ್ಡು. ತಬರ ಕೊನೆಗೆ ಕೂಗಾಡುತ್ತಾನೆ, ಶರಣಪ್ಪ ಯಾರ ಮೇಲೆ ಕೂಗಾಡಬೇಕು?

ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಹೈಸ್ಕೂಲು ದಾಟಿದವರಾದರೆ ಬರಲಿ, ನೋಡಲಿ. ಚಿಕ್ಕವರು ಬೇಡ. ಹೊಡೆದಾಟ, ರಕ್ತ ಅಂತ ಹೆದರಿ ಹೇಳುತ್ತಿಲ್ಲ. ತಮ್ಮ ವಯಸ್ಸಿನ ಹುಡುಗ ಸಾಯುವುದನ್ನು, ಟ್ರಂಕಿನಲ್ಲಿ ಹೋಗುವುದನ್ನು ನೋಡುವುದು ಕಷ್ಟ. ಇತ್ತೀಚೆಗೆ ಮನೆಯಲ್ಲಿ ಸಾವಾದವರು ಇದ್ದರೆ ಅವರಿಗೂ ಮೊದಲೇ ಕಥೆ ಹೇಳಿಬಿಡಿ, ಬರುವುದು ಬಿಡುವುದು ಅವರಿಷ್ಟ.

ಮಂಸೋರೆಯವರ ಬೇರೆ ಸಿನಿಮಾ ಯಾವುದು ನೋಡಬೇಕು?

‘ನಾತಿಚರಾಮಿ’, 2018. ಶ್ರುತಿ ಹರಿಹರನ್ ಮತ್ತು ವಿಜಯ್. ಅದಕ್ಕೂ ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿ ಬಂತು, ಹಾಡಿದ ಬಿಂದುಮಾಲಿನಿಯವರಿಗೂ ಬಂತು. ಆಮೇಲೆ ‘ಆಕ್ಟ್ 1978’, ಲಾಕ್‌ಡೌನ್ ಮುಗಿದ ಮೇಲೆ 2020ರ ನವೆಂಬರ್‌ನಲ್ಲಿ ಚಿತ್ರಮಂದಿರಕ್ಕೆ ಬಂದ ಸಿನಿಮಾ. ಬಸುರಿ ಹೆಂಗಸೊಬ್ಬಳು ಸರ್ಕಾರಿ ಕಚೇರಿಯನ್ನೇ ಹಿಡಿದಿಟ್ಟುಕೊಳ್ಳುವ ಕಥೆ, ಯಜ್ಞಾ ಶೆಟ್ಟಿ ಮುಖ್ಯ ಪಾತ್ರದಲ್ಲಿ. ‘ಹರಿವು’ ಚಿತ್ರದಲ್ಲಿ ನುಂಗಿಕೊಂಡ ಸಿಟ್ಟು ಅಲ್ಲಿ ಹೊರಗೆ ಬಂದಿದೆ ಅಂತ ನನಗೆ ಅನ್ನಿಸುತ್ತದೆ. ‘19.20.21’ ಕೂಡ ನೋಡಬೇಕಾದದ್ದೇ.

ವಿಜಯ್ ಈಗಿಲ್ಲ ಅಲ್ವಾ? ಏನಾಯಿತು?

2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತ. ತಲೆಗೆ ಪೆಟ್ಟು ಬಿದ್ದು ಮಿದುಳು ನಿಷ್ಕ್ರಿಯವಾಯಿತು. ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ಅವರಿಗೆ ಆಗ ಮೂವತ್ತೇಳು ವರ್ಷ. ಕೋವಿಡ್ ಎರಡನೇ ಅಲೆಯಲ್ಲಿ ಜನರಿಗೆ ಆಕ್ಸಿಜನ್, ಊಟ ಮುಟ್ಟಿಸುವ ಕೆಲಸದಲ್ಲಿ ಓಡಾಡುತ್ತಿದ್ದ ಹೊತ್ತು ಅದು. ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ಆಯಿತು. ‘ಪುಕ್ಸಟ್ಟೆ ಲೈಫು’ ಬಿಡುಗಡೆ ಆದದ್ದು ಅವರು ಹೋದ ಮೇಲೆ.

ಒಬ್ಬ ನಟ ತೀರಿಕೊಂಡಾಗ ಒಂದು ವಾರ ಎಲ್ಲರೂ ಫೋಟೋ ಹಾಕುತ್ತೇವೆ. ಅವರ ಕೆಲಸ ನೋಡುವವರು ಕಮ್ಮಿ. ವಿಜಯ್ ಬಗ್ಗೆ ಪ್ರೀತಿ ಇರುವವರು ಅವರ ಅಭಿನಯದ ಬಗ್ಗೆ ಮಾತಾಡಬೇಕು, ಬರೀ ಸಾವಿನ ಬಗ್ಗೆ ಅಲ್ಲ.

ನಮ್ಮ ಊರಲ್ಲಿ, ಕಾಲೇಜಿನಲ್ಲಿ ತೋರಿಸಬೇಕು ಅಂದರೆ ಏನು ಮಾಡಬೇಕು?

ಮೊದಲು ಸಿನಿಮಾದವರ ಒಪ್ಪಿಗೆ ಕೇಳಿ. ಸಣ್ಣ ಸಿನಿಮಾ ಮಾಡಿದವರಿಗೆ ಯಾರೋ ತೋರಿಸುತ್ತೇವೆ ಅಂದರೆ ಸಂತೋಷವೇ ಆಗುತ್ತದೆ. ಕದ್ದ ಪ್ರತಿ ಹಾಕಬೇಡಿ. ನಿರ್ದೇಶಕರ ಹೆಸರು ಸೇರಿಸಿ ಹುಡುಕಿ, ಇಲ್ಲದಿದ್ದರೆ ‘ಹರಿವು’ ಅಂತ ಬೇರೆ ಏನೇನೋ ಬರುತ್ತದೆ.

ಪ್ರೊಜೆಕ್ಟರ್‌ಗಿಂತ ಸ್ಪೀಕರ್ ಕಡೆ ಜಾಸ್ತಿ ಗಮನ ಕೊಡಿ. ಈ ಸಿನಿಮಾದಲ್ಲಿ ಸಣ್ಣ ದನಿಯ ಮಾತುಗಳೇ ಮುಖ್ಯ, ಅದು ಕೇಳಿಸದಿದ್ದರೆ ಅರ್ಧ ಅಭಿನಯ ಹೋಯಿತು. ನಡುವೆ ಬಿಡುವು ಕೊಡಬೇಡಿ. ಮೊದಲೇ ಉದ್ದುದ್ದ ಭಾಷಣ ಬೇಡ. ಅತಿಥಿ, ಶಾಲು, ಹಾರ ಅಂತ ಒಂದು ಗಂಟೆ ತಿಂದರೆ ಸಿನಿಮಾ ಶುರುವಾಗುವ ಹೊತ್ತಿಗೆ ಜನ ಸುಸ್ತಾಗಿರುತ್ತಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್, ಆಶಾ ಕಾರ್ಯಕರ್ತೆ, ಆಂಬುಲೆನ್ಸ್ ಓಡಿಸುವವರನ್ನು ತಪ್ಪದೆ ಕರೆಯಿರಿ. ಮುಗಿದ ಮೇಲೆ ಮಾತಾಡಲು ಮೊದಲು ಅವರಿಗೇ ಮೈಕ್ ಕೊಡಿ, ಸಿನಿಮಾ ಗೊತ್ತಿರುವವರು ಆಮೇಲೆ ಮಾತಾಡಲಿ. ಹಳ್ಳಿಯಿಂದ ಬಂದವರು ಕೊನೆ ಬಸ್ಸು ಹಿಡಿಯಬೇಕಾಗುತ್ತದೆ, ಅದಕ್ಕೆ ಸಂಜೆ ಐದಕ್ಕೆಲ್ಲ ಶುರು ಮಾಡಿ.